ಕಾಪಿ ಅಲ್ವೇನ್ರಿ?

ಕಲಾ ಪ್ರದರ್ಶನಗಳಲ್ಲಿ ತಪ್ಪದೆ ಕಿವಿಗೆ ಬೀಳುವ ಮಾತೊಂದಿದೆ. ಹಳೆಯ ಚಿತ್ರವೊಂದನ್ನು ಹೊಸಬರು ಎತ್ತಿಕೊಂಡು ಮತ್ತೆ ಮಾಡಿದ್ದಾರೆಂದರೆ ಸಾಕು, ಅದರ ಮುಂದೆ ಯಾರಾದರೊಬ್ಬರು ನಿಂತು, ಪಕ್ಕದವರನ್ನು ಮೊಣಕೈಯಲ್ಲಿ ತಿವಿದು, "ಇದು ಕಾಪಿ ಅಲ್ವೇನ್ರಿ?" ಎನ್ನುತ್ತಾರೆ. ದನಿಯಲ್ಲಿ ಕಳ್ಳನನ್ನು ಹಿಡಿದ ಹೆಮ್ಮೆ ಬೇರೆ.

ಇದೇ ಮಹನೀಯರು ಸಂಜೆ ಕಛೇರಿಗೆ ಹೋಗಿ ಪುರಂದರದಾಸರ ಪದ ಕೇಳಿ ತಲೆದೂಗುತ್ತಾರೆ. ಹಾಡಿದವರನ್ನು ಯಾರೂ ಕಾಪಿಕೋರ ಎನ್ನುವುದಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ವ್ಯಾಸರ ಭಾರತವನ್ನು ಕೈಗೆತ್ತಿಕೊಂಡು, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಳಗೆ ಕೂಡಿಸಿಬಿಟ್ಟ. ಅವನು ನಮಗೆ ಆದಿಕವಿ. ಕುವೆಂಪು ವಾಲ್ಮೀಕಿಯ ಕಥೆಯನ್ನು ಮತ್ತೆ ಬರೆದರು, ಜ್ಞಾನಪೀಠ ಬಂತು. ಕಿವಿಗಿರುವ ಈ ಔದಾರ್ಯ ಕಣ್ಣಿಗೆ ಬಂದೊಡನೆ ಎಲ್ಲಿ ಹೋಗುತ್ತದೋ!

ಪಂಪ ದೊರೆಯನ್ನು ಕರೆತಂದರೆ ಪಿಕಾಸೊ ನಾಯಿಯನ್ನು ಕರೆತಂದ. ಸ್ಪೇನಿನ ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್' ಚಿತ್ರದಲ್ಲಿ ಪುಟ್ಟ ರಾಜಕುಮಾರಿ, ಸಖಿಯರು, ಕುಳ್ಳರು, ಕುಂಚ ಹಿಡಿದ ಸ್ವತಃ ವೆಲಾಸ್ಕೆಸ್, ಮುಂದೆ ಮಲಗಿದ ಗಂಭೀರವಾದ ದೊಡ್ಡ ನಾಯಿ ಎಲ್ಲರೂ ಇದ್ದಾರೆ. ಎಪ್ಪತ್ತಾರರ ಹೊಸ್ತಿಲಲ್ಲಿದ್ದ ಪಿಕಾಸೊ 1957ರ ಆಗಸ್ಟ್‌ನಲ್ಲಿ ಕಾನ್ ಪಟ್ಟಣದ ತನ್ನ ಮನೆಯ ಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡು ಇದರ ಬೆನ್ನು ಹತ್ತಿದ. ಡಿಸೆಂಬರ್ ಮುಗಿಯುವ ಹೊತ್ತಿಗೆ 58 ಚಿತ್ರಗಳು. ಅವುಗಳಲ್ಲಿ 44 ನೇರವಾಗಿ ವೆಲಾಸ್ಕೆಸ್‌ನೊಡನೆ ಆಡಿದ ಮಾತು. ನಡುವೆ ಬೇಸರ ಬಂದಾಗ ಕಿಟಕಿಯಾಚೆಯ ಪಾರಿವಾಳಗಳನ್ನೂ ಬರೆದ. ಮೊದಲನೆಯ ದೊಡ್ಡ ಚಿತ್ರದಲ್ಲಿ ವೆಲಾಸ್ಕೆಸ್ ಸೂರು ಮುಟ್ಟುವಷ್ಟು ಬೆಳೆದಿದ್ದಾನೆ. ಆ ರಾಜಗಾಂಭೀರ್ಯದ ನಾಯಿಯ ಜಾಗದಲ್ಲಿ ಮಾತ್ರ ಪಿಕಾಸೊ ಮನೆಯಲ್ಲಿ ಓಡಾಡಿಕೊಂಡಿದ್ದ, ಗಿಡ್ಡ ಕಾಲಿನ ಲಂಪ್ ಎಂಬ ಡಾಕ್ಸ್‌ಹುಂಡ್! ಗುರುವಿಗೆ ಸಾಷ್ಟಾಂಗ ಹಾಕುತ್ತಲೇ ಕಾಲೆಳೆಯುವುದೆಂದರೆ ಹೀಗೆ.

ಚಿತ್ರಕಾರ ಫ್ರಾನ್ಸಿಸ್ ಬೇಕನ್‌ನದು ಇನ್ನೊಂದು ಬಗೆ. ವೆಲಾಸ್ಕೆಸ್ ಬರೆದ ಪೋಪ್ ಹತ್ತನೆಯ ಇನೊಸೆಂಟ್ ಅವನನ್ನು ವರ್ಷಗಟ್ಟಲೆ ಕಾಡಿದ. ಕಿರುಚುವ ಪೋಪರನ್ನು ಮತ್ತೆಮತ್ತೆ ಬರೆದ. 1954ರಲ್ಲಿ ರೋಮಿಗೇ ಹೋಗಿದ್ದ, ಮೂಲಚಿತ್ರ ಅದೇ ಊರಿನ ಅರಮನೆಯಲ್ಲಿತ್ತು, ನೋಡಲು ಹೋಗಲಿಲ್ಲ. ಫೋಟೊಗಳೇ ಸಾಕಾದವು. ಕಾಪಿ ಹೊಡೆಯುವವನು ಇಷ್ಟು ಸೋಮಾರಿಯಾಗಿದ್ದರೆ ಪರೀಕ್ಷೆಯಲ್ಲಿ ಪಾಸಾಗುವುದು ಹೇಗೆ?

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಬೆಂಗಳೂರಿನವರೇ ಆದ ಎನ್. ಪುಷ್ಪಮಾಲಾ ಇದ್ದಾರೆ. ಬರೋಡದಲ್ಲಿ ಶಿಲ್ಪಕಲೆ ಕಲಿತು, ಟೆರಾಕೋಟದಲ್ಲಿ ಹೆಸರು ಮಾಡಿ, ಆಮೇಲೆ ಕ್ಯಾಮೆರಾದ ಮುಂದೆ ತಾವೇ ವೇಷ ಕಟ್ಟಿ ನಿಂತವರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ ಅವರು ಮಾಡಿದ ಸರಣಿಯ ಹೆಸರು 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್'. ಬ್ರಿಟಿಷ್ ಕಾಲದ ಯಾವುದೋ ದಪ್ಪ ರಟ್ಟಿನ ಪುಸ್ತಕದ ಹೆಸರಿನಂತಿದೆಯಲ್ಲ, ಅದು ಬೇಕೆಂದೇ ಮಾಡಿದ ಕುಚೋದ್ಯ.

ಅದರಲ್ಲಿ ರವಿವರ್ಮನ ಲಕ್ಷ್ಮಿಯಾಗಿ ಪುಷ್ಪಮಾಲಾ ನಿಂತಿದ್ದಾರೆ. ಈ ಲಕ್ಷ್ಮಿ ಯಾರಿಗೆ ಗೊತ್ತಿಲ್ಲ? ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ದೇವರಕೋಣೆಯ ಗೋಡೆಯಲ್ಲಿ, ಹೋದ ವರ್ಷದ ಕ್ಯಾಲೆಂಡರಿನಲ್ಲಿ ಅವಳೇ. ನಮ್ಮ ಪಾಲಿಗೆ ಲಕ್ಷ್ಮಿ ಇರುವುದೇ ಹಾಗೆ. ಆ 'ಹಾಗೆ' ಎಂಬುದು ಬಂದದ್ದು ಎಲ್ಲಿಂದ? ರವಿವರ್ಮ ಯುರೋಪಿನ ತೈಲವರ್ಣದ ವಿದ್ಯೆ ಹಿಡಿದು, ಅಂದಿನ ನಾಟಕ ಕಂಪನಿಗಳ ಉಡುಗೆ ತೊಡುಗೆ ಸೇರಿಸಿ, ಪುರಾಣಕ್ಕೆ ಮೈ ಕೊಟ್ಟವನು. 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ; ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಚ್ಚು. ಮುಂದೆ ಆ ಪ್ರೆಸ್ಸು ಷ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಪಾಲಾಯಿತು. ಅಂದರೆ ನಮ್ಮ ಅಪ್ಪಟ ಲಕ್ಷ್ಮಿಯೇ ಹಲವು ಊರುಗಳ ನೀರು ಕುಡಿದವಳು. ರವಿವರ್ಮನೂ ಹಳೆಯದರೊಡನೆ ಮಾತಾಡಿದವನೇ. ಅವನಿಗೆ "ಕಾಪಿ ಅಲ್ವೇನ್ರಿ" ಎಂದವರಿಗೆ ಅಂಗಡಿಯವರು ಸಾಮಾನು ಕೊಡಲಾರರು.

ಆದರೆ ನಾಲ್ಕು ಕೈಯ ದೇವಿಯ ಭಂಗಿಯಲ್ಲಿ ಎರಡು ಕೈಯ ಹೆಂಗಸೊಬ್ಬಳು ನಿಂತಾಗ ಚಿತ್ರದ ಗುಟ್ಟು ಬಯಲಾಗುತ್ತದೆ. ಮುಖದ ಮೇಲಿನ ಆ ನಗು ಎಷ್ಟು ಹೊತ್ತು ಉಳಿದೀತು? ಹೀಗೆ ನಿಲ್ಲಿ ಎಂದು ಹೇಳಿದವರು ಯಾರು? ದೂರದಿಂದ ಸೊಗಸಾಗಿ ಕಾಣುವ ಬೇರೆಯವರ ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂಬುದು ಮೆಟ್ಟಿದವರಿಗೇ ತಿಳಿಯಬೇಕು. ಪುಷ್ಪಮಾಲಾ ಮೆಟ್ಟಿ ನೋಡಿದರು. ರವಿವರ್ಮನ 1889ರ ಬೆಳದಿಂಗಳ ಹೆಣ್ಣಾದರು, ಕೆರೆಯಿಂದ ನೀರು ತರುವವಳಾದರು, ಬಿಜಾಪುರದ ಯೋಗಿನಿಯೂ ಆದರು. ಆದಿಲ್‌ಶಾಹಿ ಕಲಾವಿದನ ಆ ಮೂಲ ಯೋಗಿನಿ ಮೈನಾ ಹಕ್ಕಿಯೊಡನೆ ಈಗ ಇರುವುದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಇಂದು ವಿಜಯಪುರವಾಗಿರುವ ಬಿಜಾಪುರದವರು ಅವಳನ್ನು ಕಾಣಬೇಕಾದರೆ ವೀಸಾ ಬೇಕು.

ತಮಾಷೆ ನಿಲ್ಲುವುದು ಅದೇ ಸರಣಿಯ, ತೋಡ ಬುಡಕಟ್ಟಿನ ಹೆಂಗಸಿನ ಚಿತ್ರದಲ್ಲಿ. 1869ರಲ್ಲಿ ಲ್ಯಾಂಪ್ರಿ ಎಂಬಾತ ಮರದ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು ಎರಡೆರಡು ಅಂಗುಲದ ಚೌಕಗಳನ್ನು ಮಾಡಿ, ಅದರ ಮುಂದೆ ಮನುಷ್ಯರನ್ನು ನಿಲ್ಲಿಸಿ ಫೋಟೊ ತೆಗೆದರೆ ಮೈಯ ಅಳತೆ ಸುಲಭ ಎಂದು ತೋರಿಸಿಕೊಟ್ಟಿದ್ದ. ವಸಾಹತುಗಳಲ್ಲಿ ಆ ಬಗೆಯ ಚೌಕುಳಿ ಪರದೆಯ ಮುಂದೆ ನಿಂತವರಿಗೆ ಹೆಸರಿರಲಿಲ್ಲ, 'ಮಾದರಿ' ಎಂಬ ಪಟ್ಟವಿತ್ತು. ಅದೇ ಪರದೆಯ ಮುಂದೆ ಪುಷ್ಪಮಾಲಾ ನಿಂತಾಗ ನಗು ಗಂಟಲಲ್ಲೇ ಉಳಿಯುತ್ತದೆ. ಅದೇ ವಸಾಹತು ಕಾಲದ, ರವಿವರ್ಮನ ಇನ್ನೊಂದು ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿದೆ: ಬೇರೆಬೇರೆ ಪ್ರಾಂತ್ಯದ ಉಡುಗೆ ತೊಟ್ಟು ಒತ್ತೊತ್ತಾಗಿ ಸೇರಿದ ಸಂಗೀತದ ಹೆಂಗಸರು. ಮನೋಹರವಾದ ಚಿತ್ರ. ಪುಷ್ಪಮಾಲಾರ ಸರಣಿ ನೋಡಿ ಬಂದವರಿಗೆ ಅದೂ ಒಂದು ಮಾದರಿಗಳ ಪಟ್ಟಿಯಂತೆ ಕಾಣತೊಡಗುತ್ತದೆ. ಹೊಸ ಕೆಲಸವೊಂದು ಹಳೆಯದನ್ನು ಹೀಗೆ ಕದಡಬಲ್ಲದಾದರೆ ಅದನ್ನು ಕಾಪಿ ಎಂದು ಕರೆಯುವುದು ಬರಿಯ ಆಲಸ್ಯ.

ಪೋರ್ಚುಗಲ್ಲಿನ ಚಿತ್ರಕಾರ ವೆಲೋಸೊ ಸಲ್ಗಾಡೊ, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ 400ನೇ ವರ್ಷದ ನೆನಪಿಗೆ, ಅಲ್ಲಿನ ದೊರೆ ಸಾಮೂದಿರಿಯ ಒಡ್ಡೋಲಗದಲ್ಲಿ ಗಾಮ ಎದೆಯುಬ್ಬಿಸಿ ನಿಂತ ಭಾರಿ ಚಿತ್ರ ಬರೆದ. ಪುಷ್ಪಮಾಲಾ ಅದನ್ನೂ ಬಿಡಲಿಲ್ಲ. ಬಳಗವನ್ನೆಲ್ಲ ಸೇರಿಸಿ ಇಡೀ ಒಡ್ಡೋಲಗ ಕಟ್ಟಿ, ಗಾಮನ ವೇಷ ತಾವೇ ಹಾಕಿಕೊಂಡರು. ಕೊಚ್ಚಿ ಬಿನಾಲೆಯಲ್ಲಿ ಅದು ಪ್ರದರ್ಶನಗೊಂಡಿತು. ಸಲ್ಗಾಡೊ ಚಿತ್ರ ಬರೆದದ್ದು 1898ರಲ್ಲಿ, ಕೊಚ್ಚಿಯ ಪ್ರದರ್ಶನ ನಡೆದದ್ದು 2014ರಲ್ಲಿ. ಉತ್ತರ ಬರಲು 116 ವರ್ಷ ಹಿಡಿಯಿತು.