ನೆಲಕ್ಕೂ ಬಾನಿಗೂ ನಡುವಿನ ಆರು ಡೆಸಿಬೆಲ್

ಬಿಸಿಯುಳ್ಳ ಯಾವ ವಸ್ತುವೂ ರೇಡಿಯೊ ಕಿವಿಗೆ ಮೌನವಾಗಿರುವುದಿಲ್ಲ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ 50 ಓಮ್‌ನ ರೆಸಿಸ್ಟರ್ ಕೂಡ ತನ್ನೊಳಗಿನ ಎಲೆಕ್ಟ್ರಾನುಗಳ ತಳಮಳವನ್ನು ಸದಾ ಹೊರಹಾಕುತ್ತಿರುತ್ತದೆ. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಅದನ್ನು ಅಳೆದು ತೋರಿಸಿದರು, ನೈಕ್ವಿಸ್ಟ್ ಅದಕ್ಕೆ ಸೂತ್ರ ಕೊಟ್ಟರು. ಕೋಣೆಯ ಉಷ್ಣತೆಯಲ್ಲಿ ಒಂದು ಹರ್ಟ್ಜ್ ಅಗಲಕ್ಕೆ ಮೈನಸ್ 174 ಡಿಬಿಎಂ. ರಿಸೀವರಿನ ಸೂಕ್ಷ್ಮತೆ ಎಂದರೆ ಈ ಅನಿವಾರ್ಯ ಗದ್ದಲದ ಮೇಲೆ ಅದು ತನ್ನ ಪಾಲಿನದನ್ನು ಎಷ್ಟು ಸೇರಿಸುತ್ತದೆ ಎಂಬ ಲೆಕ್ಕ. ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಬೇರೆಯದೇ ಮಾತು. ಸಾಫ್ಟ್‌ವೇರ್ ರೇಡಿಯೊ (ಎಸ್‌ಡಿಆರ್) ನಡೆಸುವ ಸಾಫ್ಟ್‌ವೇರಿನಲ್ಲಿ ಗೇನನ್ನು ತುದಿಯವರೆಗೆ ಎಳೆದರೆ ಸಿಗ್ನಲ್ ಏರುತ್ತದೆ, ಅದರ ಜತೆಗೆ ಗದ್ದಲವೂ ಅಷ್ಟೇ ಏರುತ್ತದೆ. ಕಲ್ಲು ಬೆರೆತ ಅಕ್ಕಿಯನ್ನು ಸೇರಿನ ಬದಲು ಕೊಳಗದಲ್ಲಿ ಅಳೆದರೆ ಕಲ್ಲು ಕಡಿಮೆಯಾಗುವುದಿಲ್ಲ. ಅಳೆಯದೆ ಸುಧಾರಿಸಲು ಹೊರಟವರು ಬಹುಪಾಲು ಗೇನನ್ನಷ್ಟೇ ಕೊಂಡುಕೊಳ್ಳುತ್ತಾರೆ. ರೇಡಿಯೊ ರಿಸೀವರ್ ಕಟ್ಟುವ ಈ ಹವ್ಯಾಸದ ಅರ್ಧ ಸುಖ ಅಳತೆಯಲ್ಲೇ ಇದೆ ಎಂದು ನಾನು ನಂಬಿದ್ದೇನೆ, ಏಕೆಂದರೆ ಸುಧಾರಿಸಬೇಕಾದ್ದು ಎಲ್ಲಿ ಎಂಬುದನ್ನು ಹೇಳುವುದೂ ಅದೇ.

ಅಳೆಯುವುದು ಪ್ರಯೋಗಾಲಯದವರ ಕೆಲಸ, ಅಳತೆ ಸರಿಮಾಡಿದ ಸಿಗ್ನಲ್ ಜನರೇಟರಿಗೆ ಲಕ್ಷಗಟ್ಟಲೆ ಹಣ ಬೇಕು ಎನ್ನುವವರಿದ್ದಾರೆ. ಅವರಿಗೆ ಹೈಡ್ರೋಜನ್ ರೇಖೆಯ ರಿಸೀವರನ್ನೇ ಉತ್ತರವಾಗಿ ತೋರಿಸಬಹುದು. ನಮ್ಮ ಹಾಲುಹಾದಿಯ ಹೈಡ್ರೋಜನ್ 1420.4 ಮೆಗಾಹರ್ಟ್ಜ್‌ನಲ್ಲಿ ಹೊಮ್ಮಿಸುವ ಸದ್ದನ್ನು 1951ರಲ್ಲಿ ಹಾರ್ವರ್ಡ್‌ನ ಯೂಯೆನ್ ಮತ್ತು ಪರ್ಸೆಲ್ ಒಂದು ಹಾರ್ನ್ ಆಂಟೆನಾದಿಂದ ಮೊದಲು ಹಿಡಿದರು. ಇಂದು ಅದೇ ಕೆಲಸಕ್ಕೆ ಅಲ್ಯುಮಿನಿಯಂ ಹಾಳೆ ಅಂಟಿಸಿದ ರಟ್ಟಿನ ಹಾರ್ನ್ ಮತ್ತು ಡಿಜಿಟಲ್ ಟಿವಿ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲ್ ಸಾಕು. ಅಳತೆಗೆ ಬೇಕಾದ ಎರಡು ಮಾನದಂಡಗಳೂ ಪುಕ್ಕಟೆ. ಗದ್ದಲವನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳುವುದಾದರೆ, ಹಾರ್ನನ್ನು ನೆಲಕ್ಕೆ ತಿರುಗಿಸಿದರೆ ಅದು ಕಾಣುವುದು ಸುಮಾರು 300 ಕೆಲ್ವಿನ್. ಹಾಲುಹಾದಿಯಿಂದ ದೂರದ ತೆರೆದ ಬಾನಿಗೆ ತಿರುಗಿಸಿದರೆ ಸುಮಾರು 10 ಕೆಲ್ವಿನ್. ಡಾಂಗಲ್‌ನ ಆಟೊಮ್ಯಾಟಿಕ್ ಗೇನನ್ನು ಆಫ್ ಮಾಡಿ, ಇವೆರಡರ ನಡುವೆ ಗದ್ದಲದ ಮಟ್ಟ ಎಷ್ಟು ಬದಲಾಗುತ್ತದೆಂದು ನೋಡಬೇಕು. ಡಾಂಗಲ್‌ನ ನಾಯ್ಸ್ ಫಿಗರ್, ಎಂದರೆ ಅದು ತನ್ನ ಪಾಲಿನದಾಗಿ ಸೇರಿಸುವ ಗದ್ದಲದ ಅಳತೆ, 6 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಅಂದರೆ ಅದು ತನ್ನದೇ 864 ಕೆಲ್ವಿನ್ ಸೇರಿಸುತ್ತದೆ, ನೆಲ-ಬಾನಿನ ಅಂತರ ಬರೀ ಒಂದೂಕಾಲು ಡೆಸಿಬೆಲ್. ಇಡೀ ವ್ಯವಸ್ಥೆಯ ನಾಯ್ಸ್ ಫಿಗರನ್ನು 1 ಡೆಸಿಬೆಲ್‌ಗೆ ಇಳಿಸಿದರೆ ಸೇರುವುದು 75 ಕೆಲ್ವಿನ್, ಅಂತರ 6.4 ಡೆಸಿಬೆಲ್. ಹಾರ್ನಿನ ಅಂಚಿನಿಂದ ನೆಲದ ಬಿಸಿ ಒಂದಿಷ್ಟು ಒಳನುಸುಳುವುದರಿಂದ ಇದು ಲ್ಯಾಬಿನ ನಿಖರತೆಯಲ್ಲ, ನಿಜ. ಆದರೆ ಒಂದೂಕಾಲಕ್ಕೂ ಆರಕ್ಕೂ ಇರುವ ವ್ಯತ್ಯಾಸ ಕಾಣಲು ಲ್ಯಾಬು ಬೇಕಿಲ್ಲ. ಕಾಲ ಕೆಳಗಿನ ಮಣ್ಣು, ತಲೆಯ ಮೇಲಿನ ಬಾನು ಇವೇ ಒಂದು ಉಪಕರಣದ ಎರಡು ತುದಿಗಳಾಗುವುದು ನನಗೆ ಈ ವಿದ್ಯೆಯಲ್ಲೇ ಅತ್ಯಂತ ಚೆಲುವಾಗಿ ಕಾಣುವ ಸಂಗತಿ.

ಆ ಆರು ಡೆಸಿಬೆಲ್ ಅಂತರ ಮುಟ್ಟುವ ದಾರಿಯನ್ನು 1944ರಲ್ಲೇ ಹೆರಾಲ್ಡ್ ಫ್ರೀಸ್ ಸೂತ್ರವಾಗಿ ಬರೆದಿಟ್ಟಿದ್ದಾರೆ: ಮೊದಲ ಹಂತದ ಗದ್ದಲ ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ, ಆಮೇಲಿನ ಹಂತಗಳದ್ದು ಮುಂಚಿನ ಗೇನಿನಿಂದ ಭಾಗವಾಗಿ ಸೊರಗುತ್ತದೆ. ಆಂಟೆನಾದಿಂದ ಡಾಂಗಲ್‌ವರೆಗಿನ ಕೇಬಲ್ 3 ಡೆಸಿಬೆಲ್ ನುಂಗುತ್ತದೆ ಎನ್ನೋಣ. ಪ್ರೀ-ಆಂಪ್ (ಸಿಗ್ನಲನ್ನು ಮುಂಚೆಯೇ ಹಿಗ್ಗಿಸುವ ಕಡಿಮೆ ಗದ್ದಲದ ಆಂಪ್ಲಿಫೈಯರ್) ಇಲ್ಲದಿದ್ದರೆ ಒಟ್ಟು ನಾಯ್ಸ್ ಫಿಗರ್ 9. ನಾಯ್ಸ್ ಫಿಗರ್ 0.6, ಗೇನ್ 20 ಡೆಸಿಬೆಲ್ ಇರುವ ಪ್ರೀ-ಆಂಪನ್ನು ಡಾಂಗಲ್ ಪಕ್ಕದಲ್ಲಿಟ್ಟರೆ 3.7. ಅದನ್ನೇ ಕಿತ್ತು ಕೇಬಲಿನ ಆಚೆ ತುದಿಗೆ, ಆಂಟೆನಾದ ಬುಡಕ್ಕೆ ಕೂರಿಸಿದರೆ 0.9ಕ್ಕೂ ಕಡಿಮೆ. ವಸ್ತು ಅದೇ, ಬೆಲೆ ಅದೇ, ಜಾಗವಷ್ಟೇ ಬೇರೆ. ಪ್ರೀ-ಆಂಪ್‌ಗೂ ಮುಂಚೆ ಫಿಲ್ಟರ್ ಇರಲಿ ಎಂಬ ಸಲಹೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಒಂದೇ ಡೆಸಿಬೆಲ್ ನುಂಗುವ ಫಿಲ್ಟರ್ ಕೂಡ ಅಲ್ಲಿ 75 ಕೆಲ್ವಿನ್ ಸೇರಿಸಿಬಿಡುತ್ತದೆ. ಮೊಬೈಲ್ ಟವರ್ ಪಕ್ಕದಲ್ಲೇ ನಿಂತು ಪ್ರೀ-ಆಂಪನ್ನು ಉಸಿರುಗಟ್ಟಿಸುತ್ತಿದ್ದರೆ ಆ ದಂಡ ತೆರಲೇಬೇಕು. ಇಲ್ಲವಾದರೆ ಫಿಲ್ಟರಿನ ಜಾಗ ಪ್ರೀ-ಆಂಪಿನ ನಂತರ.

ಇಷ್ಟೆಲ್ಲ ಒದ್ದಾಟ ಏಕೆ, ಸಾಫ್ಟ್‌ವೇರ್ ಇದೆಯಲ್ಲ, ಹೆಚ್ಚು ಹೊತ್ತು ಸರಾಸರಿ ತೆಗೆದರೆ ಗದ್ದಲ ತಾನಾಗಿ ಇಳಿಯುತ್ತದೆ ಎಂಬ ಆಕ್ಷೇಪವೇ ಗಟ್ಟಿಯಾದದ್ದು. ಅದರಲ್ಲಿ ಸತ್ಯವಿದೆ. ಒಟ್ಟು ಗದ್ದಲ 100 ಕೆಲ್ವಿನ್ ಇರುವ ವ್ಯವಸ್ಥೆ 10 ಕಿಲೊಹರ್ಟ್ಜ್ ಅಗಲದಲ್ಲಿ 100 ಸೆಕೆಂಡು ಸರಾಸರಿ ತೆಗೆದರೆ ಏರಿಳಿತ 0.1 ಕೆಲ್ವಿನ್‌ಗೆ ಇಳಿಯುತ್ತದೆ. ಎಂಟು ಬಿಟ್‌ನ ಡಾಂಗಲ್ ಆಟಿಕೆ ಎಂಬ ತಾತ್ಸಾರಕ್ಕೂ ಇಲ್ಲೇ ಉತ್ತರವಿದೆ: ಗದ್ದಲ ಅದರ 256 ಮೆಟ್ಟಿಲುಗಳಲ್ಲಿ ಕೆಲವನ್ನಾದರೂ ಸದಾ ಹತ್ತಿಳಿಯುತ್ತಿದ್ದರೆ, ಒಂದು ಮೆಟ್ಟಿಲಿಗಿಂತ ಎಷ್ಟೋ ಚಿಕ್ಕದಾದ ಸಿಗ್ನಲ್ ಕೂಡ ಸರಾಸರಿಯಲ್ಲಿ ಮೂಡುತ್ತದೆ. ಆದರೆ ಈ ಇಳಿಕೆ ಕಾಲದ ವರ್ಗಮೂಲಕ್ಕೆ ತಕ್ಕಂತೆ ಮಾತ್ರ. 85 ಕೆಲ್ವಿನ್‌ನ ವ್ಯವಸ್ಥೆ ಒಂದು ನಿಮಿಷದಲ್ಲಿ ತೋರಿಸುವುದಕ್ಕೆ 874 ಕೆಲ್ವಿನ್‌ನದಕ್ಕೆ ನೂರು ನಿಮಿಷ ಮೀರಿ ಬೇಕು. ಅಷ್ಟರಲ್ಲಿ ಭೂಮಿ 25 ಡಿಗ್ರಿ ತಿರುಗಿರುತ್ತದೆ, ಹಾರ್ನ್ ಬೇರೆಯೇ ಬಾನನ್ನು ನೋಡುತ್ತಿರುತ್ತದೆ. ಡಾಂಗಲ್ ಬಿಸಿಯಾಗಿ ಅದರ ಗೇನೂ ಸರಿದಿರುತ್ತದೆ. ತಾಳ್ಮೆಗೆ ಬೆಲೆ ಇಲ್ಲವೆಂದಲ್ಲ, ರಿಸೀವರಿನ ಮುಂಭಾಗ ಶಾಂತವಾಗಿದ್ದಾಗ ತಾಳ್ಮೆ ಬಹಳ ಬೇಗ ಫಲ ಕೊಡುತ್ತದೆ.

ಹಾಗಾದರೆ ಎಲ್ಲ ರಿಸೀವರಿಗೂ ಪ್ರೀ-ಆಂಪ್ ಬೇಕೇ? ಬೇಡ, ಅದನ್ನು ಹೇಳುವುದೂ ಅಳತೆಯೇ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ಸರಸ್ 3 ಎಂಬ ತಮ್ಮ ರೇಡಿಯೊ ದೂರದರ್ಶಕದ ಆಂಟೆನಾವನ್ನು ತೇಲಿಬಿಟ್ಟದ್ದು ನೂರು ಮೆಗಾಹರ್ಟ್ಜ್‌ಗಿಂತ ಕೆಳಗಿನ ಅಲೆಗಳಿಗಾಗಿ. ಅಲ್ಲಿ ಬಾನೇ ಸಾವಿರ ಕೆಲ್ವಿನ್‌ಗೂ ಮೀರಿ ಗದ್ದಲ ಮಾಡುತ್ತದೆ, ಪ್ರೀ-ಆಂಪಿನ ಹತ್ತಾರು ಕೆಲ್ವಿನ್ ಉಳಿಸಿ ಗಳಿಸುವುದು ಕಡಿಮೆ. ಬೇಕಾದ್ದು ಆಂಟೆನಾ ಮತ್ತು ರಿಸೀವರಿನ ಸ್ವಭಾವವನ್ನು ಅತಿ ನಿಖರವಾಗಿ ತಿಳಿಯುವುದು. ಆಂಟೆನಾದ ಕೆಳಗೆ ಎಲ್ಲೆಡೆ ಏಕರೂಪವಾದ ನೀರನ್ನು ಆರಿಸಿಕೊಂಡದ್ದು ಅದಕ್ಕೇ. ಆ ಎಚ್ಚರದ ಬಲದಿಂದಲೇ, 2018ರಲ್ಲಿ ಎಡ್ಜಸ್ ಎಂಬ ಇನ್ನೊಂದು ಪ್ರಯೋಗದ ತಂಡ ಬ್ರಹ್ಮಾಂಡದ ಮೊದಲ ತಾರೆಗಳ ಸುಳಿವೆಂದು ಮಂಡಿಸಿದ್ದ ಸಿಗ್ನಲನ್ನು ಅವರು 2022ರಲ್ಲಿ ಒಪ್ಪಲಾಗದೆಂದು ತೋರಿಸಿದರು. ಶಾರ್ಟ್‌ವೇವ್‌ನಲ್ಲಿ ನಮ್ಮ ಊರುಕೇರಿಯ ಗದ್ದಲ ಇನ್ನೂ ದೊಡ್ಡದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂತ್ರದಂತೆ ವಸತಿ ಪ್ರದೇಶದಲ್ಲಿ 10 ಮೆಗಾಹರ್ಟ್ಜ್‌ನ ಹತ್ತಿರ ಅದು ರೆಸಿಸ್ಟರಿನ ಗದ್ದಲಕ್ಕಿಂತ ಸುಮಾರು 45 ಡೆಸಿಬೆಲ್ ಮೇಲಿರುತ್ತದೆ. ಆಂಟೆನಾ ಕಳಚಿ ಅದರ ಜಾಗಕ್ಕೆ 50 ಓಮ್‌ನ ರೆಸಿಸ್ಟರ್ ಹಾಕಿದಾಗ ಮಟ್ಟ ಹತ್ತು ಡೆಸಿಬೆಲ್ ಕುಸಿದರೆ ರಿಸೀವರ್ ಅಲ್ಲಿಗೆ ಸಾಕಷ್ಟು ಸೂಕ್ಷ್ಮವಾಗಿದೆ. ಇನ್ನೆಷ್ಟೇ ಸುಧಾರಿಸಿದರೂ ಸಿಗುವುದು ಅರ್ಧ ಡೆಸಿಬೆಲ್‌ಗೂ ಕಡಿಮೆ. ಪ್ರೀ-ಆಂಪಿಗೆಂದು ತೆಗೆದಿಟ್ಟ ಹಣವನ್ನು ಅಲ್ಲಿ ವೈರುಗಳ ಗದ್ದಲ ತಡೆಯುವ ಫೆರೈಟ್ ಉಂಗುರಗಳಿಗೆ ಹಾಕುವುದು ಲೇಸು, ಮೊದಲ ಉಂಗುರ ಕಂಪ್ಯೂಟರಿನಿಂದ ಡಾಂಗಲ್‌ಗೆ ಬರುವ ಯುಎಸ್‌ಬಿ ವೈರಿಗೆ, ಎರಡನೆಯದು ಎಲ್‌ಇಡಿ ದೀಪದ ವೈರಿಗೆ.