ಬಾಲ್ ಸುತ್ತಿಗೆ ಮತ್ತು ಪ್ಯಾಕಿಂಗ್ ಶೀಟು

ಮದ್ದೂರಿನ ಗ್ಯಾರೇಜಿಗೆ ನಾನು ಸ್ಪ್ಯಾನರ್ ಎತ್ತಿಕೊಡೋ ಹುಡುಗನಾಗಿ ಸೇರಿದ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದವು ಬಹುಪಾಲು ಜಾವಾ, ಯೆಜ್ಡಿ ಬೈಕುಗಳೇ. ಬರದೆ ಇನ್ನೇನು? ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯೇ ಇತ್ತು. ಸಾಮಾನು ಬೇಕೆಂದರೆ ಬೆಳಗಿನ ಬಸ್ಸು ಹತ್ತಿದವನು ಊಟದ ಹೊತ್ತಿಗೆಲ್ಲ ವಾಪಸ್. ಕಬ್ಬಿನ ಗದ್ದೆಯವರು, ಹಾಲಿನ ಕ್ಯಾನಿನವರು, ಮಳವಳ್ಳಿ ಕಡೆಯ ರೇಷ್ಮೆಗೂಡಿನವರು, ಎಲ್ಲರದೂ ಅದೇ ಎರಡು ಸೈಲೆನ್ಸರಿನ 250 ಸಿಸಿ ಗಾಡಿ.

ಇಂಜಿನ್ನಿನ ಭಾಗಗಳ ಸಂದು ಮುಚ್ಚಲು ನಡುವೆ ಇಡೋ ಕಾಗದದ ಶೀಟಿಗೆ ಗ್ಯಾಸ್ಕೆಟ್ ಅನ್ನೋ ಮಾತು ನಮ್ಮಲ್ಲಿರಲಿಲ್ಲ. ಪ್ಯಾಕಿಂಗ್, ಅಷ್ಟೇ. ಮೇಸ್ತ್ರಿ ಶೀಟಿನ ನಡುವೆ ಮೊದಲು ದೊಡ್ಡ ತೂತು ಕತ್ತರಿಸಿ, ತಲೆಕೆಳಗಾಗಿಸಿದ ಬೋರಿಗೆ, ಅಂದರೆ ಸಿಲಿಂಡರಿಗೆ, ಬಳೆಯಂತೆ ತೊಡಿಸೋರು. ಆಮೇಲೆ ಅಂಚಿನ ಮೇಲೆ ಬಾಲ್ ಸುತ್ತಿಗೆಯಿಂದ ಟಕಟಕ, ಟಕಟಕ. ಬಡಿದಷ್ಟೂ ಕಾಗದ ಅಂಚಿಗೆ ಸರಿಯಾಗಿ ತುಂಡಾಗುತ್ತಿತ್ತು. ಸ್ಟಡ್ ತೂತಿನ ಮೇಲೆ ಸೈಕಲ್ಲಿನ ಬಾಲು ಇಟ್ಟು ಒಂದೇ ಏಟು: ದುಂಡನೆಯ ತೂತು. ಕಾರ್ಬೊರೇಟರಿಗೆ ಮಾತ್ರ ಹಳೆಯ ಲಗ್ನಪತ್ರಿಕೆಯ ರಟ್ಟು. ಗಣಪತಿ ಇದ್ದ ಭಾಗಕ್ಕೆ ಕತ್ತರಿ ಹಾಕುತ್ತಿರಲಿಲ್ಲ.

ಈ ಗಾಡಿಗಳದು ಟೂ ಸ್ಟ್ರೋಕ್ ಇಂಜಿನ್; ಅದರಲ್ಲಿ ಪ್ಯಾಕಿಂಗ್ ಇರೋದು ಆಯಿಲ್ ಸೋರದಿರಲಿ ಅಂತ ಮಾತ್ರ ಅಲ್ಲ. ಪಿಸ್ಟನ್ ಕೆಳಗಿಳಿಯುವಾಗ ಬೋರಿನ ಕೆಳಗಿನ ಕ್ರ್ಯಾಂಕ್ ಕೇಸಿನೊಳಗಿನ ಪೆಟ್ರೋಲು-ಗಾಳಿ ಒತ್ತಡಕ್ಕೆ ಸಿಕ್ಕಿ ಕಿಂಡಿಗಳ ಮೂಲಕ ಮೇಲೇರಬೇಕು. ಕೇಸಿಗೆ ಕೂದಲೆಳೆಯಷ್ಟು ಸಂದು ಸಿಕ್ಕರೂ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲಿನ ಜೊತೆ ಬರುವ ಆಯಿಲೂ ಕಡಿಮೆಯಾಗಿ, ಇಂಜಿನ್ ಕಾದು ಹೋಗುತ್ತದೆ. ಇದನ್ನು ನಾನು ಕಲಿತದ್ದು ರಸ್ತೆಯಲ್ಲಿ. ಹಳೇ ಪ್ಯಾಕಿಂಗಿನ ಚೂರೊಂದನ್ನು ಪೂರ್ತಿ ಕೆರೆಯದೆ ಬೋರು ಕೂರಿಸಿ, ಮಳವಳ್ಳಿ ರಸ್ತೆಯಲ್ಲಿ ಟ್ರಯಲ್‌ಗೆ ಹೋಗಿದ್ದೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯಲೊಲ್ಲದು. ನನಗೋ ಖುಷಿ, ಗಾಡಿ ಹುಮ್ಮಸ್ಸಾಗಿದೆ ಅಂತ! ಕೆ.ಎಂ.ದೊಡ್ಡಿ ಹತ್ತಿರ ಪಿಸ್ಟನ್ ಜಾಮ್. ಹಿಂದಿನ ಚಕ್ರ ಬಿಗಿದುಕೊಂಡು ನಾನು ಕಬ್ಬಿನ ಗದ್ದೆಯೊಳಗೆ.

ಮೇಸ್ತ್ರಿ ಬಯ್ಯಲಿಲ್ಲ. ಬೋರು ಬಿಚ್ಚಿಸಿ, ಕೇಸಿನ ಮೇಲೆ ನನ್ನ ಬೆರಳು ಎಳೆದು, "ಇಲ್ನೋಡ್ಲಾ, ಉಗುರಿಗೆ ತಗುಲ್ತಾದಾ?" ಅಂದರು. ತಗುಲಿತು.

1994ರಲ್ಲಿ ಸ್ಪ್ಲೆಂಡರ್ ಬಂತು, 1996ರಲ್ಲಿ ಯಾದವಗಿರಿಯ ಕಾರ್ಖಾನೆ ನಿಂತಿತು. ಗಾಡಿಗಳು ಒಂದೊಂದಾಗಿ ಕೊಟ್ಟಿಗೆ ಸೇರಿದವು, ಕೆಲವು ಗುಜರಿಗೆ. ಈಚೆಗೆ ಅವೇ ಕೊಟ್ಟಿಗೆಯಿಂದ ಹೊರಬರುತ್ತಿವೆ. 2022ರಲ್ಲಿ ಯೆಜ್ಡಿ ಹೆಸರಲ್ಲಿ ಹೊಸ ಗಾಡಿ ಬಂದಿದೆಯಲ್ಲ, ಅದು ಫೋರ್ ಸ್ಟ್ರೋಕು. ನಮಗದು ಬೇರೆ ಜಾತಿ.

ಹೋದ ವರ್ಷ ಬೆಂಗಳೂರಿನ ಹುಡುಗನೊಬ್ಬ ತಾತನ ಯೆಜ್ಡಿ ತಂದ, ಜೊತೆಗೆ ಕೊರಿಯರಿನಲ್ಲಿ ತರಿಸಿದ ರೆಡಿಮೇಡ್ ಪ್ಯಾಕಿಂಗ್ ಸೆಟ್ಟು. ಇಟ್ಟು ನೋಡಿದೆ. ಒಂದು ಕಿಂಡಿಗೆ ಕಾಗದ ಅರ್ಧ ಅಡ್ಡ ಬರುತ್ತಿತ್ತು. ಪಕ್ಕಕ್ಕಿಟ್ಟು ಸುತ್ತಿಗೆ ತಗೊಂಡೆ. ಆತ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ಇಬ್ಬರೂ ಸೇರಿ ಇಂಜಿನ್ನನ್ನು ಫ್ರೇಮಿಗೆ ಎತ್ತಿ, ಬೋಲ್ಟು ಬಿಗಿದು, ಚೈನು ಹಾಕುವಷ್ಟರಲ್ಲಿ ಸಂಜೆಯಾಯಿತು. ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲೆತ್ತಿದರೆ ಅದೇ ಕಿಕ್ಕರ್, ಅದು ಅವನಿಗೆ ಗೊತ್ತಿರಲಿಲ್ಲ. ನಾಲ್ಕನೇ ಕಿಕ್ಕಿಗೆ ಹೊಗೆ ಬಂತು. ಆಕ್ಸಿಲರೇಟರ್ ಬಿಟ್ಟೆ, ರೇಸ್ ಇಳಿಯಿತು.

"ಅಂಕಲ್, ಎಕ್ಸ್‌ಪ್ರೆಸ್‌ವೇ ಹಿಡಿದು ಹೋಗಲಾ?" ಅಂದ. 2023ರ ಆಗಸ್ಟಿನಿಂದ ಅಲ್ಲಿಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರೋಡಿಗೆ ಕೈ ತೋರಿಸಿದೆ.