ಸಂಗಾತಿ ಅನ್ನುವ ಕಾಲಂ

ಕೇಂದ್ರ ಸರ್ಕಾರಿ ನೌಕರಳಾದ ನಾನು 2025ರಲ್ಲಿ ಎನ್‌ಪಿಎಸ್ ಬಿಟ್ಟು ಯುಪಿಎಸ್‌ಗೆ ಸೇರಿದ್ದು ಹೆದರಿಕೆಯಿಂದಲೇ. 25 ವರ್ಷ ಸೇವೆಯಾದರೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ, ಅದೂ ಖಾತರಿ. ಮಾರ್ಕೆಟ್ಟಿನ ಮರ್ಜಿ ಕಾಯಬೇಕಿಲ್ಲ.

ನಿಯಮ ಪೂರ್ತಿ ಓದಿದ್ದು ಆಮೇಲೆ. ನಿವೃತ್ತಿಯ ನಂತರ ನಾನು ಸತ್ತರೆ ಅದರ ಶೇಕಡಾ 60 ಸಿಗುವುದು ಸಂಗಾತಿಗೆ ಮಾತ್ರ. ನನಗೆ ಮದುವೆಯಾಗಿಲ್ಲ, ಆಗುವ ಅಂದಾಜೂ ಇಲ್ಲ. ಬಿಜೈಯ ಮನೆಯಲ್ಲಿ ತಮ್ಮನಿದ್ದಾನೆ. ಶರ್ಟಿನ ಗುಂಡಿ ಹಾಕಲಿಕ್ಕೂ ಅವನಿಗೆ ನಾನು ಬೇಕು.

ಹಿಂದೆ ಹೋಗಲಾ ಅಂತ ಸೀನಿಯರ್ ಒಬ್ಬರನ್ನು ಕೇಳಿದೆ. "ಎಂತ ಮಾರಾಯ್ತಿ, ಖಾತರಿ ಇರುವುದನ್ನು ಬಿಡ್ತಾರಾ? ಮಾರ್ಕೆಟ್ ಬಿದ್ರೆ ಇಬ್ರಿಗೂ ಇಲ್ಲ." ಸುಳ್ಳಲ್ಲ. ಎನ್‌ಪಿಎಸ್‌ನಲ್ಲಿ ಕೂಡಿದ್ದರಲ್ಲಿ ಶೇಕಡಾ 60ರವರೆಗೆ ಒಟ್ಟಿಗೆ ಪಡೆದು ತಮ್ಮನ ಹೆಸರಲ್ಲಿಡಬಹುದು, ಸರಿ. ಯುಪಿಎಸ್‌ನಲ್ಲೂ ತೆಗೆಯಬಹುದು, ಆದರೆ ತಿಂಗಳ ಪಿಂಚಣಿ ಅಷ್ಟಕ್ಕಷ್ಟೇ ಇಳಿಯುತ್ತದೆ. ಎನ್‌ಪಿಎಸ್‌ಗೆ ಮರಳಲು ಇರುವುದು ಒಂದೇ ಅವಕಾಶ. ಮರಳಿದರೆ ಈ ಬಾಗಿಲು ಮುಚ್ಚಿತು.

ನಿವೃತ್ತಿಗೆ ಒಂದು ವರ್ಷ ಮುಂಚಿನವರೆಗೂ ಸಮಯವಿದೆ. ಸದ್ಯಕ್ಕೆ ಬಿಡುತ್ತಿಲ್ಲ. ಅಲ್ಲಿಯವರೆಗೆ ನಿಯಮ ಹೀಗೇ ಇದ್ದೀತಾ, ಯಾರಿಗೆ ಗೊತ್ತು! ನನ್ನ 58ನೇ ಹುಟ್ಟುಹಬ್ಬಕ್ಕೆ ಫೋನಿನಲ್ಲಿ ರಿಮೈಂಡರ್ ಹಾಕಿದ್ದೇನೆ. ಅದರಲ್ಲಿ ಬರೆದಿರುವುದು ತಮ್ಮನ ಹೆಸರು ಮಾತ್ರ.